ಮೇಷ್ಟ್ರ ಚಹರೆ

“ಮೈಬಣ್ಣ ಎಣ್ಣೆಗೆಂಪು,” ಎಂದು ಬರೆದಾದ ಮೇಲೆ ಅವನು ತಲೆಯೆತ್ತಿ ಕೇಳಿದ, “ಅಲ್ವೇನಮ್ಮಾ?”

ಮೇಜಿನ ಆಚೆ ಕೂತಿದ್ದ ಹೆಂಗಸು ಯೋಚಿಸಿದಳು. “ಕಪ್ಪು,” ಎಂದಳು.

“ಎಷ್ಟು ಕಪ್ಪು?”

“ಎಷ್ಟು ಅಂದ್ರೆ... ಕಪ್ಪೇ.”

“ಎಣ್ಣೆಗೆಂಪು ಅಂತಲೇ ಇರಲಿ ಬಿಡಿ. ಕಪ್ಪು ಅಂತ ಹಾಕಿದ್ರೆ ಕಾಣೆಯಾದವರು ಬೇಜಾರು ಮಾಡ್ಕೋತಾರೆ.”

ಅವಳು ನಗಲಿಲ್ಲ. ಅವನೂ ನಗಲಿಲ್ಲ. ಬಾಯಿಗೆ ರೂಢಿಯಾದ ಮಾತು, ತಾನಾಗಿ ಬಂದಿತ್ತು.

ಈ ಊರಿನಿಂದ ಕಾಣೆಯಾದವರೆಲ್ಲ ಎಣ್ಣೆಗೆಂಪು ಬಣ್ಣದವರೇ. ಕೋಲುಮುಖ, ಸಾಧಾರಣ ಮೈಕಟ್ಟು. ಅವನ ಲೇಖನಿಯಿಂದ ಕಾಣೆಯಾದವರನ್ನೆಲ್ಲ ಕೈಹಿಡಿಸಿ ಸಾಲಾಗಿ ನಿಲ್ಲಿಸಿದ್ದರೆ ಭೂಮಿಗೆ ಒಂದು ಸುತ್ತು ಬರುತ್ತಿತ್ತು. ಆದರೆ ಆ ಸಾಲಿನಿಂದ ತನ್ನ ಮಗನನ್ನು ಆರಿಸಿಕೊಳ್ಳುವುದು ಹೆತ್ತ ತಾಯಿಗೂ ಆಗುತ್ತಿರಲಿಲ್ಲ. ಹಾಗೆ ಬರೆದುಬರೆದೇ ಅವನು ವರದಿಗಾರನಾದದ್ದು. ಊರ ಸುದ್ದಿಯ ಪುಟ ಅವನದು, ಸಿನಿಮಾ ಪುಟವೂ ಅವನದೇ. ನಾಲ್ಕು ಪುಟದ ಸಂಜೆ ಪತ್ರಿಕೆಯಲ್ಲಿ ಅಲ್ಲಿಗೆ ಅರ್ಧ ಪ್ರಪಂಚ ಅವನ ಜೇಬಿನಲ್ಲಿತ್ತು. ಹನ್ನೆರಡು ಜನ ಸೇರಿದ ಸಭೆಗೆ ‘ಕಿಕ್ಕಿರಿದ ಜನಸಾಗರ’ ಎಂದು ಬರೆಯುತ್ತಿದ್ದ. ಓದಿದ ಆ ಹನ್ನೆರಡು ಜನ, ಉಳಿದವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದರೇನೋ ಎಂದುಕೊಳ್ಳುತ್ತಿದ್ದರು. ಊರಲ್ಲಿ ಇರುವೆ ಕಾಲು ಮುರಿದುಕೊಂಡರೂ ಎಡಗಾಲೋ ಬಲಗಾಲೋ ಎಂದು ಇವನಿಗೆ ಗೊತ್ತಿರುತ್ತೆ ಎಂದು ಸಂಪಾದಕರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಆ ಮಾತು ಹೇಳಿಕೊಟ್ಟವನೂ ಅವನೇ.

ಇವತ್ತಿನ ಕಾಣೆಯಾದವರು ಡ್ರಾಯಿಂಗ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದವರು. ಅವನ ಗೆಳೆಯರು. ಊರಲ್ಲಿ ಅವನಿಗೆ ಗೆಳೆಯರು ಅಂತ ಇದ್ದವರು ಅವರೊಬ್ಬರೇ. ನಿನ್ನೆ ಸಂಜೆಯ ಆಟದಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದರು. ರಾತ್ರಿ ಮನೆಗೆ ಬಂದಿರಲಿಲ್ಲ.

ಎದುರಿಗೆ ಕೂತವಳು ಮೇಷ್ಟ್ರ ಹೆಂಡತಿ. ಅವಳನ್ನು ಅವನು ನೋಡುತ್ತಿರುವುದು ಇದೇ ಮೊದಲು.

“ಮೊನ್ನೆಯಿಂದ ನಾನು ನಮ್ಮಕ್ಕನ ಮನೇಲಿದ್ದೆ ಅಣ್ಣಾ. ಬೆಳಿಗ್ಗೆ ಬಂದು ನೋಡ್ತೀನಿ, ಬೀಗ. ಪಕ್ಕದ ಮನೆಯವರು ರಾತ್ರಿಯೆಲ್ಲ ದೀಪ ಹತ್ತಲೇ ಇಲ್ಲ ಅಂದ್ರು. ಫೋನು ಮಂಚದ ಮೇಲೇ ಬಿದ್ದಿದೆ. ನಿಮ್ಮ ಜೊತೆ ಪಿಕ್ಚರಿಗೆ ಹೋಗೋವಾಗ ಅವರು ಫೋನು ತರಲ್ಲವಲ್ಲ.”

“ಹೌದಾ?” ಎಂದ ಅವನು. ತಕ್ಷಣ ತಿದ್ದಿಕೊಂಡ. “ಹೌದು ಹೌದು.”

“ಪೋಲೀಸಿನವರು ಒಂದು ದಿನ ನೋಡಿ ಅಂತಾರೆ. ಗಂಡಸು, ಎಲ್ಲಿ ಹೋಗ್ತಾನೆ, ಬರ್ತಾನೆ ಬಿಡಿ ಅಂತಾರೆ.”

“ಬರ್ತಾರೆ. ಯಾವ ಬಟ್ಟೆ ಹಾಕಿದ್ರು?”

ಅದೂ ರೂಢಿಯ ಪ್ರಶ್ನೆಯೇ. ಚಹರೆಯಾದ ಮೇಲೆ ಉಡುಪು.

ಅವಳು ಅವನನ್ನೇ ನೋಡಿದಳು. “ಅದನ್ನ ನೀವೇ ಹೇಳಬೇಕಲ್ಲ ಅಣ್ಣಾ. ಪಕ್ಕದಲ್ಲೇ ಕೂತಿದ್ರಿ.”

ಫ್ಯಾನು ಕಟಕಟ ಅನ್ನುತ್ತಿತ್ತು. ಅವನು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ ಅಂಗಿ ಕಣ್ಣಿಗೆ ಕಟ್ಟಿತು. ಎಷ್ಟು ಸ್ಪಷ್ಟವಾಗಿ ಎಂದರೆ ಕೈಚಾಚಿದ್ದರೆ ಬಟ್ಟೆಯ ಒರಟು ಬೆರಳಿಗೆ ತಾಗುತ್ತಿತ್ತು.

“ಇಟ್ಟಿಗೆ ಬಣ್ಣದ ಅಂಗಿ. ಎದೆ ಮೇಲೆ ಎರಡು ಜೇಬು, ಎರಡಕ್ಕೂ ಮುಚ್ಚಳ. ಎಡತೋಳು ಮೊಣಕೈವರೆಗೆ ಮಡಚಿದ್ರು, ಬಲತೋಳು ಹಾಗೇ ಬಿಟ್ಟಿದ್ರು. ಕತ್ತಿನ ಗುಂಡಿ ಕಿತ್ತುಹೋಗಿ ದಾರ ನೇತಾಡ್ತಿತ್ತು. ಆಮೇಲೆ ನಡೆಯೋವಾಗ ಎಡಗಾಲು ಸ್ವಲ್ಪ ಎಳೀತಿದ್ರು.”

ತನ್ನ ಕಣ್ಣಿನ ಬಗ್ಗೆ ಅವನಿಗೇ ಮೆಚ್ಚುಗೆಯಾಯಿತು. ಇಂಥ ಕಣ್ಣು ಜಿಲ್ಲೆಗೊಂದು ಇದ್ದರೆ ಪೋಲೀಸು ಇಲಾಖೆಯನ್ನೇ ಮುಚ್ಚಿಬಿಡಬಹುದು ಅನ್ನಿಸಿತು.

“ಕಾಲಿಗೇನಾಗಿತ್ತು?”

“ಎಲ್ಲೋ ಎಡವಿರಬೇಕು.”

“ಅಂಥ ಶರ್ಟು ಅವರ ಹತ್ರ ಇಲ್ಲ.”

“ಹೊಸದು ತಗೊಂಡಿರಬೇಕು.”

“ಹೊಸದಾದ್ರೆ ಗುಂಡಿ ಹೇಗೆ ಕಿತ್ತುಹೋಯ್ತು?”

“ಈಗಿನ ಹೊಸದೆಲ್ಲ ಹಾಗೇನೇ ಅಮ್ಮ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ತಾನು ಎರಡು ದಿನ ಊರಲ್ಲಿಲ್ಲದಾಗ ಗಂಡನ ಮೈಮೇಲೆ ಬಂದು ಕೂತ, ತಾನು ಕಾಣದ ಅಂಗಿ. ತಾನು ಹೊಲಿಯದ ಗುಂಡಿ. ಆ ಯೋಚನೆ ಅವಳ ಮುಖದಲ್ಲಿ ನೀರಿಗೆ ಬಿದ್ದ ಮಸಿಯಂತೆ ಹರಡುವುದನ್ನು ಅವನು ನೋಡಿದ.

“ನಿಮ್ಮಿಬ್ಬರ ಜೊತೆ ಬೇರೆ ಯಾರಾದ್ರೂ... ಇದ್ರಾ?”

“ಯಾರೂ ಇಲ್ಲಮ್ಮ.”

“ಎಷ್ಟು ಹೊತ್ತಿಗೆ ಎದ್ದು ಹೋದ್ರು?”

“ಕೊನೇವರೆಗೂ ಇದ್ರು,” ಎಂದ ಅವನು. “ಒಟ್ಟಿಗೇ ಹೊರಗೆ ಬಂದ್ವಿ. ಬಾಗಿಲ ಹತ್ರ ಬರ್ತೀನಿ ಅಂದ್ರು, ಹೋದ್ರು.”

ಅಂಗಿಯ ಮಾತು ಅವನು ನಂಬಿ ಹೇಳಿದ್ದು. ಇದು ಹಾಗಲ್ಲ.

ಅವಳು ಎದ್ದಳು. ಗಾಬರಿಯಲ್ಲಿ ಫೋಟೋ ತಂದಿಲ್ಲ, ಸಂಜೆ ಹುಡುಕಿ ತರುತ್ತೇನೆ ಎಂದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. “ನೀವು ಪೇಪರಿನವರು, ನೀವು ನೋಡಿದ್ದೀರಿ ಅಂದ ಮೇಲೆ ಸರಿಯಾಗೇ ಇರುತ್ತೆ,” ಎಂದು ಹೇಳಿ ಹೋದಳು. ಬೈದಿದ್ದರೆ ಇದಕ್ಕಿಂತ ಹಿತವಾಗಿರುತ್ತಿತ್ತು.

*

ಗೆಳೆತನ ಶುರುವಾದದ್ದು ಒಂದು ಪಾಸಿನಿಂದ.

ಊರಿನ ಟಾಕೀಸಿನವರು ಬಾಲ್ಕನಿಯ ಹಿಂದಿನ ಸಾಲಿನ ನಡುವೆ ಎರಡು ಸೀಟು ಪತ್ರಿಕೆಗೆಂದು ಬಿಡುತ್ತಿದ್ದರು. ಶುಕ್ರವಾರ ಹೊಸ ಚಿತ್ರ ಬಂದ ದಿನ ಸಂಜೆಯ ಆಟಕ್ಕೆ ಅವನು ಹೋಗಬೇಕು, ಶನಿವಾರದ ಪತ್ರಿಕೆಗೆ ವಿಮರ್ಶೆ ಬರೆಯಬೇಕು. ಮೊದಮೊದಲು ಹೆಂಡತಿ ಬರುತ್ತಿದ್ದಳು. ಚಿತ್ರ ನೋಡುತ್ತ ಅವನು ಮಾತಾಡುವುದಿಲ್ಲ, ಮಾತಾಡಿದರೆ ಶ್ ಅನ್ನುತ್ತಾನೆ, ಇದಕ್ಕಿಂತ ಮನೆಯ ಟೀವಿಯೇ ವಾಸಿ, ಬೈದರೂ ಕೇಳಿಸಿಕೊಳ್ಳುತ್ತದೆ ಎಂದು ಬರುವುದನ್ನು ಬಿಟ್ಟಳು. ಸೀಟು ಖಾಲಿ ಬಿದ್ದಿತು. ಬಿಟ್ಟಿ ಸಿಕ್ಕಿದ್ದು ಖಾಲಿ ಬೀಳುವುದನ್ನು ನೋಡಿ ಅವನ ಕರುಳು ಚುರ್ ಎಂದಿತು. ಒಂದು ಶುಕ್ರವಾರ ಟಿಕೆಟ್ಟು ಸಿಗದೆ ಕೌಂಟರಿನ ಮುಂದೆ ನಿಂತಿದ್ದ ಮನುಷ್ಯನನ್ನು ಕೈಹಿಡಿದು ಒಳಗೆ ಕರೆದುಕೊಂಡು ಬಂದ. ಅವರೇ ಮೇಷ್ಟ್ರು. ಅಂದಿನಿಂದ ಶುಕ್ರವಾರ ತಪ್ಪಿಲ್ಲ. ವರ್ಷಗಳೇ ಆದವು.

ಇಬ್ಬರ ಗೆಳೆತನಕ್ಕೆ ಕತ್ತಲೇ ಊರು. ಮೇಷ್ಟ್ರಿಗೆ ಸಂಜೆ ಮನೆಪಾಠ, ದೀಪ ಆರಿದ ಮೇಲೆ ಬಂದು ಕೂರುತ್ತಿದ್ದರು. ಮಧ್ಯಂತರದಲ್ಲಿ ಅವನು ಮ್ಯಾನೇಜರ ಕೋಣೆಗೆ ಕಾಫಿಗೆ ಹೋಗುತ್ತಿದ್ದ. ಚಿತ್ರ ಮುಗಿಯುವ ಮುಂಚೆ ಜನದ ನೂಕುನುಗ್ಗಲಿಗೆ ಸಿಗಬಾರದೆಂದು ಅವನು ಎದ್ದುಬಿಡುತ್ತಿದ್ದ. ಮೇಷ್ಟ್ರು ಪರದೆಯ ಮೇಲೆ ಕೊನೆಯ ಹೆಸರು ಏರಿ ಹೋಗುವ ತನಕ ಕೂರುತ್ತಿದ್ದರು. ಆದರೂ ಅವನು ಎಲ್ಲರ ಮುಂದೆಯೂ ಎದೆತಟ್ಟಿ ಹೇಳುತ್ತಿದ್ದ, “ಗೆಳೆಯ ಅಂದ್ರೆ ನಮ್ಮ ಮೇಷ್ಟ್ರು. ಎರಡು ದೇಹ, ಒಂದು ಜೀವ.” ಆ ಜೀವ ಯಾರ ದೇಹದಲ್ಲಿ ಇರುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ.

ನಿನ್ನೆ, ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ, ಮೇಷ್ಟ್ರು ಈ ಕಡೆ ವಾಲಿದ್ದರು. ಅಷ್ಟು ವರ್ಷದಲ್ಲಿ ಮೊದಲ ಸಲ.

“ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು.”

“ಶ್. ಇಂಟರ್ವಲ್‌ನಲ್ಲಿ.”

ಇಂಟರ್ವಲ್‌ನಲ್ಲಿ ಅವನು ಕಾಫಿಗೆ ಹೋದ. ಮರಳಿ ಬಂದಾಗ ಪಕ್ಕದ ಸೀಟು ಖಾಲಿ ಇತ್ತು. ಮಡಿಲ ಮೇಲಿನ ಚೀಲ ಭಾರವಾಗಿತ್ತು. ಅದನ್ನು ಎತ್ತಿ ಅಲ್ಲಿಟ್ಟ. ಕಾಲು ಚಾಚಿ ಕೂತ. ಆಹಾ, ಎಷ್ಟು ಹಾಯಾಗಿದೆ ಅನ್ನಿಸಿತ್ತು.

ಆ ಹಾಯೇ ಬೆಳಿಗ್ಗೆ ಅವನಿಂದ ಸುಳ್ಳು ಹೇಳಿಸಿದ್ದು. ಮೇಷ್ಟ್ರು ಎದ್ದು ಹೋದದ್ದನ್ನು ಹೇಳಿದರೆ ಚೀಲವನ್ನೂ ಹೇಳಬೇಕಾಗುತ್ತಿತ್ತು.

*

“ಫೋಟೋ ಇಲ್ಲವೇನಯ್ಯಾ?” ಎಂದರು ಸಂಪಾದಕರು. ಪುಟ ಕಟ್ಟುವ ಕಂಪ್ಯೂಟರಿನ ಮುಂದೆ ಅವರೇ ಕೂತಿದ್ದರು.

“ಸಂಜೆ ತರ್ತಾರಂತೆ.”

“ಸಂಜೆ ತಂದ್ರೆ ಉಪ್ಪಿನಕಾಯಿ ಹಾಕ್ಲಾ? ನಾಳೆ ಭಾನುವಾರ, ಪೇಪರಿಗೆ ರಜ. ಇಷ್ಟು ಜಾಗ ಖಾಲಿ ಉಳೀತು ನೋಡು.” ಬೆರಳಿನಿಂದ ಗಾಜಿನ ಮೇಲೆ ಒಂದು ಚೌಕ ಬರೆದು ತೋರಿಸಿದರು. “ಹೋಗಲಿ, ಟಾಕೀಸಿನವರ ಜಾಹೀರಾತು ತಗ್ಗಿಸಿ ಇಲ್ಲಿ ಕೂರಿಸ್ತೀನಿ. ಬರೆದದ್ದು ಮಾತ್ರ ಭರ್ಜರಿಯಾಗಿದೆ ಮಾರಾಯ. ಕಾಣೆಯಾದವರ ಬಗ್ಗೆ ಇಷ್ಟು ಚೆನ್ನಾಗಿ ಈವರೆಗೆ ಯಾರೂ ಬರೆದಿಲ್ಲ. ಗುಂಡಿಯ ದಾರ! ಕಣ್ಣೀರು ಬಂತು.”

“ಗೆಳೆಯರು ಸಾರ್.”

“ಗೊತ್ತಾಗುತ್ತಯ್ಯಾ. ಕಂಡವರ ಬಗ್ಗೆ ಹೀಗೆ ಬರೆಯೋಕೆ ಬರಲ್ಲ.”

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ಟೀವಿಯ ಮುಂದೆ ಕೂತಳು. ಧಾರಾವಾಹಿಯಲ್ಲಿ ಯಾರೋ ಯಾರನ್ನೋ ಮೆಟ್ಟಿಲಿಂದ ತಳ್ಳಲು ಸಿದ್ಧರಾಗಿದ್ದರು. ಒಂದು ವಾರದಿಂದ ಸಿದ್ಧರಾಗಿಯೇ ಇದ್ದರು.

“ನಿನ್ನೆ ನಾನು ಯಾವ ಶರ್ಟು ಹಾಕಿದ್ದೆ?”

“ಯಾಕೆ?”

“ಸುಮ್ಮನೆ.”

“ಬಿಳೀದು. ಅಲ್ಲ, ಅದು ಮೊನ್ನೆ.” ಅವಳ ಕಣ್ಣು ಮೆಟ್ಟಿಲ ಮೇಲೇ ಇತ್ತು. “ಒಗೆಯೋ ಬಕೆಟ್ಟಲ್ಲಿ ಇರುತ್ತೆ, ನೋಡಿ.”

ಅವನು ಎದ್ದು ನೋಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಸಂಸಾರ ಎಂದರೆ ಇಷ್ಟೇ ಸುಗಮವಾಗಿರಬೇಕು ಎಂದು ಅವನು ಒಮ್ಮೆ ಪತ್ರಿಕೆಯಲ್ಲಿ ಬರೆದಿದ್ದ. ಓದುಗರಿಂದ ‘ಅಭಿನಂದನೆಗಳ ಮಹಾಪೂರ’ ಬಂದಿತ್ತು. ಇಬ್ಬರು ಫೋನು ಮಾಡಿದ್ದರು.

*

ಪತ್ರಿಕೆ ಹೊರಬಿದ್ದು ಚಹಾ ಆರುವುದರೊಳಗೆ ಫೋನು ಶುರುವಾಯಿತು.

ಮೊದಲನೆಯವನು ಬಸ್ ನಿಲ್ದಾಣದ ಹಣ್ಣಿನಂಗಡಿಯವನು. “ಸಾರ್, ನಿಮ್ಮ ಮನುಷ್ಯನ್ನ ಬೆಳಿಗ್ಗೆ ನೋಡಿದೆ. ಕಾಲು ಎಳ್ಕೊಂಡು ಬಂದು ನೀರು ಕೇಳಿದ. ಪಾಪ, ದೊಡ್ಡ ಮನೆತನದವನ ಹಾಗೆ ಕಾಣ್ತಿದ್ದ.”

ಎರಡನೆಯದು ಒಬ್ಬ ಅಜ್ಜಿ. “ನಮ್ಮ ಬೀದೀಲಿ ಹೋದ ಕಣಪ್ಪಾ. ಇಟ್ಟಿಗೆ ಬಣ್ಣ, ಎರಡು ಜೇಬು. ನಾನು ಕೂಗಿದೆ, ತಿರುಗಿ ನೋಡಿ ನಕ್ಕ. ಎಂಥಾ ಚೆಂದದ ನಗು ಅಂತೀಯ!”

ಅವನ ಎದೆ ಹಗುರಾಯಿತು. ಮೇಷ್ಟ್ರು ಎಲ್ಲೋ ಇದ್ದಾರೆ, ನಡೆಯುತ್ತಿದ್ದಾರೆ, ನೀರು ಕುಡಿಯುತ್ತಿದ್ದಾರೆ, ನಗುತ್ತಿದ್ದಾರೆ. ತಾನು ಬರೆದ ನಾಲ್ಕು ಸಾಲು ಇಡೀ ಊರಿಗೆ ಕಣ್ಣು ಕೊಟ್ಟಿದೆ. ಒಂದರ ಹಿಂದೊಂದು ಫೋನು. ಬ್ಯಾಂಕಿನ ಮುಂದೆ ಕಂಡರು, ಆಸ್ಪತ್ರೆಯ ಹಿಂದೆ ಕಂಡರು, ಒಂದೇ ಹೊತ್ತಿನಲ್ಲಿ ಊರಿನ ಎರಡು ತುದಿಯಲ್ಲೂ ಕಂಡರು.

ಆಮೇಲೆ ಒಬ್ಬ ಕ್ಷೌರದಂಗಡಿಯವನು. “ಫೋಟೋದಲ್ಲಿದ್ದ ಹಾಗೇ ಇದ್ದ ಸಾರ್. ಅದೇ ಕ್ರಾಪು.”

“ಯಾವ ಫೋಟೋ? ಫೋಟೋ ಹಾಕಿಲ್ಲವಲ್ಲ.”

“ಹಾಕಿದ್ದೀರಲ್ಲ ಸಾರ್, ಕೆಳಗೇ. ದೊಡ್ಡದಾಗಿ.”

ಅವನು ಪತ್ರಿಕೆ ಬಿಡಿಸಿದ. ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹ. ಅದರ ಕೆಳಗೆ ತನ್ನ ನಾಲ್ಕು ಸಾಲು. ಅದಕ್ಕೆ ಅಂಟಿಕೊಂಡೇ ಟಾಕೀಸಿನ ಜಾಹೀರಾತು. ಸಂಪಾದಕರು ತಗ್ಗಿಸಿ ಕೂರಿಸುವ ಭರದಲ್ಲಿ ಚಿತ್ರದ ಹೆಸರು ಕತ್ತರಿಸಿ ಹೋಗಿತ್ತು, ನಾಯಕ ಮಾತ್ರ ಉಳಿದಿದ್ದ. ಎದೆಯ ಮೇಲೆ ಎರಡು ಜೇಬು, ಜೇಬಿಗೆ ಮುಚ್ಚಳ. ಎಡತೋಳು ಮಡಚಿತ್ತು. ಕತ್ತಿನ ಗುಂಡಿ ಇರಲಿಲ್ಲ.

ಅವನು ಬಹಳ ಹೊತ್ತು ನೋಡಿದ. ಚಿತ್ರದಲ್ಲಿ ನಾಯಕನ ಎಡಗಾಲಿಗೆ ಗುಂಡು ತಾಗುವುದು ಮೊದಲನೆಯ ಹಾಡಿಗಿಂತ ಮುಂಚೆ. ಆಮೇಲೆ ಕೊನೆಯ ತನಕ ಕಾಲೆಳೆದೇ ನಡೆಯುತ್ತಾನೆ.

ಮತ್ತೆ ಫೋನು. ಒಬ್ಬ ಆಟೋದವನು, ಹಿಂದೆ ನಾಲ್ಕಾರು ಜನ ನಗುವ ಸದ್ದು. “ಸಾರ್, ನಿಮ್ಮವನು ಸಿಕ್ಕ! ನನ್ನ ಆಟೋ ಹಿಂದೇನೇ ಅಂಟ್ಕೊಂಡಿದ್ದಾನೆ. ಎಷ್ಟು ಹೇಳಿದ್ರೂ ಇಳೀತಿಲ್ಲ.”

ಅವನು ಫೋನಿಟ್ಟ. ಕಣ್ಣು ಮುಚ್ಚಿದ. ಈ ಸಲ ಮೇಷ್ಟ್ರನ್ನೇ ನೋಡಬೇಕೆಂದು ಹಟ ಹಿಡಿದು ಮುಚ್ಚಿದ. ಕತ್ತಲೆ. ಕತ್ತಲೆಯಲ್ಲಿ ಸೀಟಿನ ಕೈಯ ಮೇಲೆ ಒಂದು ಮೊಣಕೈ. ಅದಕ್ಕೊಂದು ತೋಳು ಇರಬೇಕು, ತೋಳಿಗೊಂದು ಭುಜ. ಭುಜದ ಮೇಲಕ್ಕೆ ಹೋಗಲು ಎಷ್ಟು ಪ್ರಯತ್ನಪಟ್ಟರೂ ಪರದೆಯ ಬೆಳಕೇ ಬರುತ್ತಿತ್ತು. ಮೀಸೆ ಇತ್ತೇ? ಕನ್ನಡಕ? ಈ ಊರಿನಲ್ಲಿ ತನಗೆ ಗೊತ್ತಿಲ್ಲದ ಒಂದು ಮುಖ ತೋರಿಸಿ, ಪೆನ್ನು ಕೆಳಗಿಡುತ್ತೇನೆ ಎಂದು ಅವನು ಪಂಥ ಕಟ್ಟುತ್ತಿದ್ದ.

ಸಂಪಾದಕರಿಗೆ ಹೇಳಬಹುದು. ಹೇಳಿದರೆ ನಗುತ್ತಾರೆ. ಸೋಮವಾರ ತಿದ್ದುಪಡಿ ಹಾಕೋಣ ಅನ್ನುತ್ತಾರೆ. ಭಾನುವಾರ ಸತ್ಯಕ್ಕೂ ರಜ.

ಆಗ ಮೇಷ್ಟ್ರ ಹೆಂಡತಿಯ ಫೋನು ಬಂತು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, “ಅಣ್ಣಾ, ಊರಲ್ಲಿರೋ ಬಟ್ಟೆ ಅಂಗಡಿ ಎಲ್ಲ ಸುತ್ತಿದೆ. ಅಂಥ ಶರ್ಟು ಮೇಷ್ಟ್ರಿಗೆ ನಾವು ಮಾರಿಲ್ಲ ಅಂತಾರೆ. ಹಾಗಾದ್ರೆ ಯಾರೋ ಕೊಟ್ಟಿರಬೇಕಲ್ವಾ?”

“ಅಮ್ಮಾ, ಆ ಶರ್ಟು...”

“ನಿಮಗೆ ಗೊತ್ತಿದ್ರೆ ಹೇಳಿಬಿಡಿ ಅಣ್ಣಾ. ನಾನು ಅಳಲ್ಲ. ನಿಮ್ಮ ಹತ್ರ ಅವರು ಎಲ್ಲಾನೂ ಹೇಳ್ಕೋತಾರೆ ಅಂತ ನಂಗೊತ್ತು. ಯಾರವಳು?”

“ಫೋಟೋ ಸಿಕ್ತಾ?” ಎಂದ.

“ಸಿಕ್ತು.”

“ಟಾಕೀಸಿಗೆ ತಂದ್ಬಿಡಿ. ಸಂಜೆಯ ಆಟದ ಇಂಟರ್ವಲ್‌ನಲ್ಲಿ ಪರದೆ ಮೇಲೆ ತೋರಿಸೋಣ. ಅರ್ಧ ಊರು ಅಲ್ಲೇ ಇರುತ್ತೆ. ಅಲ್ಲಿ ಮಾತಾಡೋಣ.”

ಅಲ್ಲಿ ಹೇಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

*

ಟಾಕೀಸಿನ ಮ್ಯಾನೇಜರು ದುಂಡಗಿನ ಮನುಷ್ಯ. ಕುರ್ಚಿಯಿಂದ ಎದ್ದರೆ ಕುರ್ಚಿಯೂ ಜೊತೆಗೆ ಎದ್ದುಬಿಡುತ್ತದೆ ಎಂದು ಊರಲ್ಲಿ ಪ್ರತೀತಿ. ಅವರು ಮೇಷ್ಟ್ರ ಫೋಟೋವನ್ನು ಆಗಲೇ ಮೇಲಿನ ಯಂತ್ರದ ಕೋಣೆಗೆ ಕಳಿಸಿದ್ದರು.

“ಮೇಷ್ಟ್ರ ಹೆಂಡ್ತೀನ ನಿಮ್ಮ ಪತ್ರಿಕೆ ಸೀಟಲ್ಲೇ ಕೂರಿಸಿದ್ದೀನಿ,” ಎಂದರು. ಆಮೇಲೆ ದನಿ ತಗ್ಗಿಸಿದರು. “ಅಲ್ಲ ಸ್ವಾಮಿ, ಒಟ್ಟಿಗೇ ಹೊರಗೆ ಬಂದ್ವಿ ಅಂತ ಹಾಕಿದ್ದೀರಲ್ಲ. ನಮ್ಮ ಗೇಟಿನವನು ಬೇರೇನೇ ಹೇಳ್ತಾನೆ. ಮೇಷ್ಟ್ರು ಇಂಟರ್ವಲ್‌ನಲ್ಲೇ ಹೋದ್ರಂತೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನ ಈ ಕೋಣೆ ಕಡೆ ನೋಡ್ತಾ ಇದ್ರಂತೆ. ಆಮೇಲೆ ರೈಲ್ವೆ ಸ್ಟೇಷನ್ ದಾರಿ ಹಿಡಿದ್ರಂತೆ.”

ಈ ಕೋಣೆ. ನಿನ್ನೆ ಇದೇ ಕುರ್ಚಿಯಲ್ಲಿ ಅವನು ಬಾಗಿಲಿಗೆ ಬೆನ್ನು ಹಾಕಿ ಕಾಫಿ ಕುಡಿಯುತ್ತಿದ್ದ.

“ಅವರಿಗೆ ಹೇಳಿದ್ರಾ?”

“ಇನ್ನೂ ಇಲ್ಲ. ಬೆಳಿಗ್ಗೆಯೇ ಗೊತ್ತಾಗಿದ್ರೆ ಸ್ಟೇಷನ್ನಲ್ಲಿ ಹೋಗಿ ಕೇಳಬಹುದಿತ್ತು. ಈಗ ಎಷ್ಟು ರೈಲು ಹೋಯ್ತೋ ಏನೋ.”

“ನಾನೇ ಹೇಳ್ತೀನಿ.”

“ಹೇಳಿ ಹೇಳಿ. ಕಾಫಿ?”

“ಬೇಡ.”

ಅವನು ಬಾಲ್ಕನಿಗೆ ಹೋಗುವಷ್ಟರಲ್ಲಿ ದೀಪ ಆರಿತ್ತು. ತಡವುತ್ತ ಹೋಗಿ ತನ್ನ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಅವಳಿದ್ದಳು.

“ಇಲ್ಲೇನಾ ಅವರು ಕೂರ್ತಿದ್ದದ್ದು?”

“ಹೂಂ.”

ಅವಳು ಸೀಟಿನ ಕೈಯನ್ನು ಒಮ್ಮೆ ಸವರಿದಳು. “ಕಣ್ಣಿಗೆ ಕಟ್ಟಿದ ಹಾಗೆ ಹೇಳೋರು. ನೀವು ಹಾಸ್ಯಕ್ಕೆ ನಗಲ್ಲವಂತೆ. ಎಲ್ಲರೂ ನಕ್ಕು ಮುಗಿದ ಮೇಲೆ ಒಬ್ಬರೇ ನಗ್ತೀರಂತೆ, ಸಣ್ಣಗೆ. ಅಳೋ ಸೀನು ಬಂದ್ರೆ ಎಡಗೈ ಹೆಬ್ಬೆರಳು ಬಾಯಿಗೆ ಹೋಗುತ್ತಂತೆ.”

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡ.

“ನಿಮಗೆ ಯಾವುದೋ ದುಃಖ ಇದೆ ಅಂತಿದ್ರು. ಕೇಳಿದ್ರೆ ಬೇಜಾರಾಗಬಹುದು ಅಂತ ಕೇಳಿಲ್ಲ ಅಂತಿದ್ರು. ಪ್ರತಿ ಶುಕ್ರವಾರ ಮನೆಗೆ ಬಂದು ನಿಮ್ಮದೇ ಕಥೆ. ಪಿಕ್ಚರ್ ಏನು ಅಂದ್ರೆ ನೆಟ್ಟಗೆ ಹೇಳೋಕೆ ಬರ್ತಿರಲಿಲ್ಲ.”

ಹೇಳು, ಎಂದು ಅವನೊಳಗೆ ಯಾರೋ ಅಂದರು. ಈಗ ಹೇಳು. ಸ್ಟೇಷನ್ ದಾರಿ ಅನ್ನು. ಎರಡೇ ಶಬ್ದ. ಅಷ್ಟರಲ್ಲಿ ಚಿತ್ರ ಶುರುವಾಯಿತು. ಟಾಕೀಸು ತುಂಬಿತ್ತು, ಸಿಳ್ಳೆ ಮುಗಿಲಿಗೆ ಮುಟ್ಟಿತು. ಧೂಳಿನ ರಸ್ತೆ. ದೂರದಿಂದ ಒಬ್ಬ ಬರುತ್ತಿದ್ದ, ಮೊದಲು ಚುಕ್ಕೆ, ಆಮೇಲೆ ಮನುಷ್ಯ, ಆಮೇಲೆ ಇಡೀ ಗೋಡೆ.

ಇಟ್ಟಿಗೆ ಬಣ್ಣದ ಅಂಗಿ.

ಪಕ್ಕದಲ್ಲಿ ಅವಳು ಅಲುಗಾಡಲಿಲ್ಲ. ಜೇಬಿನ ಮುಚ್ಚಳ ಕಂಡಾಗಲೂ ಅಲುಗಾಡಲಿಲ್ಲ. ಗುಂಡು ಹಾರಿತು. ನಾಯಕ ಬಿದ್ದ, ಎದ್ದ, ಎಡಗಾಲು ಎಳೆಯುತ್ತ ನಡೆದ. ಆಗ ಅವಳು ಮೆಲ್ಲಗೆ ಈ ಕಡೆ ತಿರುಗಿದಳು. ಅವನು ನೆಟ್ಟ ಕಣ್ಣು ಕೀಳದೆ ಪರದೆಯನ್ನೇ ನೋಡಿದ. ನಿನ್ನೆ ಚಿತ್ರವನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

“ನೀವು ನಿನ್ನೆ ಅವರನ್ನ ನೋಡೇ ಇಲ್ಲ ಅಲ್ವಾ?”

ಸಿಟ್ಟಿರಲಿಲ್ಲ ದನಿಯಲ್ಲಿ. ಅಂಗಡಿಯಲ್ಲಿ ಇದು ಇದೆಯಾ ಎಂದು ಕೇಳುವ ಹಾಗಿತ್ತು.

“ಕತ್ತಲಿತ್ತು,” ಎಂದ.

“ಹಾಗಾದ್ರೆ ಹೊಸ ಶರ್ಟು ಇಲ್ಲ.”

“ಇಲ್ಲ.”

ಅವಳು ಉಸಿರು ಬಿಟ್ಟಳು. ಆ ಉಸಿರು ಎಷ್ಟು ಉದ್ದವಿತ್ತೆಂದರೆ ಬೆಳಿಗ್ಗೆಯಿಂದ ಅದೊಂದನ್ನೇ ಹಿಡಿದುಕೊಂಡಿದ್ದಳೇನೋ. ಒಂದು ಕ್ಷಣ ಅವಳಿಗೆ ಗಂಡ ಮರಳಿ ಸಿಕ್ಕಿದ್ದ. ಕಾಣೆಯಾಗಿದ್ದ, ಆದರೆ ಅವಳವನೇ ಆಗಿ ಕಾಣೆಯಾಗಿದ್ದ.

“ಕೊನೇವರೆಗೂ ಇದ್ರು ಅಂದಿರಿ.”

ಅವನು ಸೀಟಿನಲ್ಲಿ ಸರಿದು ಕೂತ.

“ಅದೂ ಇಲ್ಲವಾ?”

“ಇಂಟರ್ವಲ್‌ನಲ್ಲಿ ಹೋದ್ರಂತೆ. ಸ್ಟೇಷನ್ ಕಡೆ. ಗೇಟಿನವನು ನೋಡಿದ್ದಾನೆ.”

“ಗೇಟಿನವನು ನೋಡಿದ್ದಾನೆ,” ಎಂದಳು ಅವಳು.

“ಏನೋ ಹೇಳಬೇಕು ಅಂತಿದ್ರು. ನಾನು...” ಮುಂದಿನ ಸಾಲಿನವನು ತಿರುಗಿ ನೋಡಿದ. “ಸ್ವಲ್ಪ ಸುಮ್ಮನಿರ್ತೀರಾ?” ಎಂದ. ಇಬ್ಬರೂ ಸುಮ್ಮನಾದರು.

ಅವಳು ಎದ್ದಳು. ಅವನ ಮೊಣಕಾಲಿಗೆ ಸೀರೆಯ ಅಂಚು ತಾಗಿತು. “ದಾರಿ ಬಿಡಿ,” ಎಂದಳು. ಅಣ್ಣಾ ಅನ್ನಲಿಲ್ಲ. ಕತ್ತಲಲ್ಲಿ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಹಾಡಿನಡಿಯಲ್ಲಿ ಮುಚ್ಚಿಹೋಯಿತು. ಕೆಳಗೆ ಬಾಗಿಲು ತೆರೆದು, ಒಂದು ತುಂಡು ಬೆಳಕು ಬಿದ್ದು, ಮತ್ತೆ ಮುಚ್ಚಿತು.

ತಾನೂ ಹೋಗಬೇಕು. ಸ್ಟೇಷನ್ನಿಗೆ ಅವಳ ಜೊತೆ ಹೋಗಿ ಕೇಳಬೇಕು. ಏನೆಂದು ಕೇಳುವುದು? ಹೇಗಿದ್ದರು ಎಂದು ಅವರು ಕೇಳಿದರೆ? ಆ ಒಂದು ಪ್ರಶ್ನೆ ಅವನನ್ನು ಸೀಟಿಗೆ ಮೊಳೆ ಹೊಡೆದ ಹಾಗೆ ಕೂರಿಸಿತು. ಫೋಟೋ ಬರಲಿ, ಎಂದುಕೊಂಡ. ಒಮ್ಮೆ ಸರಿಯಾಗಿ ನೋಡಿಕೊಂಡು ಓಡುತ್ತೇನೆ. ಈ ಸಲ ಬಿಡುವುದಿಲ್ಲ, ರೆಪ್ಪೆ ಬಡಿಯದೆ ನೋಡುತ್ತೇನೆ.

ಮಧ್ಯಂತರವಾಯಿತು. ದೀಪ ಹಾಕುವ ಮುಂಚೆ ಪ್ರಕಟಣೆಗಳನ್ನು ತೋರಿಸುವುದು ಟಾಕೀಸಿನ ಪದ್ಧತಿ. ಹಲ್ಲಿನ ಪುಡಿ ಬಂತು. ಪೀಠೋಪಕರಣದ ಅಂಗಡಿ ಬಂತು. ಜನ ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದರು. ಆಮೇಲೆ ಮುಖ ಬಂತು.

ಗೋಡೆಯಷ್ಟು ದೊಡ್ಡ ಮುಖ. ಗದ್ದ ಪರದೆಯ ಕೆಳಗಂಚಿಗೆ ತಾಗಿತ್ತು, ಕೂದಲು ಮೇಲಂಚಿನಾಚೆಗೆ ಹೋಗಿತ್ತು. ಒಂದೊಂದು ಕಣ್ಣು ಒಂದೊಂದು ಬಾಗಿಲಿನಷ್ಟಿತ್ತು. ಆ ಕಣ್ಣು ಬಾಲ್ಕನಿಯ ಕಡೆಗೇ ನೋಡುತ್ತಿತ್ತು.

ಅವನಿಗೆ ಗುರುತು ಸಿಗಲಿಲ್ಲ.

ಯಂತ್ರದ ಕೋಣೆಯವರು ಬೇರೆ ಯಾರದೋ ಫೋಟೋ ಹಾಕಿಬಿಟ್ಟರೇ? ಇಲ್ಲ, ಕೆಳಗೆ ಮೇಷ್ಟ್ರ ಹೆಸರೇ ಇತ್ತು. ಹತ್ತಿರದಿಂದ ನೋಡಬೇಕೆನ್ನಿಸಿತು. ಮುಂದಿನ ಸಾಲಿನವರು ಎದ್ದು ನಿಂತಿದ್ದರಿಂದ ಬಾಯಿ ಕಾಣುತ್ತಿರಲಿಲ್ಲ. ಅವನು ಎದ್ದು ನಿಂತ.

ಕೂಡಲೇ ಪರದೆಯ ನಡುವಿನಿಂದ ಒಂದು ಕಪ್ಪು ತಲೆ ಮೇಲೆದ್ದಿತು. ಕೆಳಗಿನಿಂದ ಗದ್ದವನ್ನು ನುಂಗಿ, ಬಾಯಿಯನ್ನು, ಮೂಗನ್ನು ನುಂಗಿ, ಎರಡು ಕಣ್ಣನ್ನೂ ಮುಚ್ಚಿ ನಿಂತಿತು. ಎರಡು ಕಿವಿಯ ಅಂಚು ಮಾತ್ರ ಆಚೀಚೆ ಬೆಳ್ಳಗೆ ಉಳಿದವು. ಅವನು ಬಗ್ಗಿ ನೋಡಲು ಎಡಕ್ಕೆ ವಾಲಿದ. ಕಪ್ಪು ತಲೆಯೂ ಎಡಕ್ಕೆ ವಾಲಿತು. ಬಲಕ್ಕೆ ವಾಲಿದ. ಅದೂ ಬಂತು.

“ಯಾರ್ರೀ ಅದು? ಮುಖ ಕಾಣ್ತಿಲ್ಲ, ಕೂತ್ಕೊಳ್ರೀ!” ಎಂದು ಕೆಳಗಿನಿಂದ ಯಾರೋ ಕೂಗಿದರು.

ಅವನು ನಿಂತೇ ಇದ್ದ, ಕತ್ತು ಚಾಚಿ, ಕಣ್ಣು ಕಿರಿದು ಮಾಡಿ. ತೆರೆಯ ಮೇಲೆ ಕಪ್ಪಗೆ, ಮುಖವಿಲ್ಲದೆ, ಅವನ ನೆರಳೂ ಹಾಗೇ ಕತ್ತು ಚಾಚಿ ನಿಂತಿತ್ತು. ಸಿಳ್ಳೆಗಳು ಶುರುವಾದವು.